ಪಟ್ಟಿ ಯಾರ ಕೈಯಲ್ಲಿದೆ

ಮೂರು ಯಂತ್ರಗಳಿಗೆ ಒಂದೇ ಪ್ರಶ್ನೆ ಕೇಳುವ ಕೆಲಸವನ್ನು ರಾಮಕೃಷ್ಣ ಸಾರ್ ನಲಿನಿಗೆ ಒಪ್ಪಿಸಿದ್ದು, ಅವಳು ಯಾರಿಗೂ ಪ್ರಶ್ನೆ ಕೇಳುವ ಪೈಕಿ ಅಲ್ಲ ಅನ್ನುವ ಕಾರಣಕ್ಕೇ ಇರಬೇಕು. ಆಫೀಸಿನಲ್ಲಿದ್ದ ಆರು ಜನರಲ್ಲಿ ಉಳಿದ ಐವರು ಒಂದು ಕೆಲಸ ಕೊಟ್ಟರೆ ಹತ್ತು ಅಡ್ಡಮಾತು ತೆಗೆಯುತ್ತಿದ್ದರು. ನಲಿನಿ ತಲೆಯಾಡಿಸಿ, ಹಾಳೆ ತೆಗೆದುಕೊಂಡು, ತನ್ನ ಮೂಲೆಗೆ ಹೋಗಿ ಕೂಡುತ್ತಿದ್ದಳು. ಬೇಗಂಪೇಟೆಯ ಆ ಎರಡನೆಯ ಮಹಡಿಯ ಮೇಲೆ ವಿಮಾನ ಇಳಿಯುವಾಗ ಕಿಟಕಿಯ ಗಾಜು ಗದಗದ ನಡುಗಿ, ಮಾತಾಡುತ್ತಿದ್ದವರೆಲ್ಲ ಬಾಯಿ ತೆರೆದ ಹಾಗೇ ನಿಂತು ಸದ್ದು ದಾಟುವ ತನಕ ಕಾಯಬೇಕಾಗುತ್ತಿತ್ತು. ದಿನದಲ್ಲಿ ಅವಳಿಗೆ ಎಲ್ಲಕ್ಕಿಂತ ಹಿಡಿಸುತ್ತಿದ್ದುದು ಅದೇ ಗಳಿಗೆ.

ಅದು ತೊಂಬತ್ತೆರಡನೆಯ ಇಸವಿ. ಊರ ಹೊರಗಿನ ಒಂದು ಕೇಂದ್ರ ಸರ್ಕಾರಿ ಕಾರ್ಖಾನೆಯ ಕೆಲಸ ಇವರ ಕಂಪನಿಗೆ ಸಿಕ್ಕಿತ್ತು. ಕಾರ್ಖಾನೆಯವರ ಹತ್ತಿರ ಮೂರು ಕಾಲದಲ್ಲಿ ಕೊಂಡ ಮೂರು ಕಂಪ್ಯೂಟರುಗಳು. ಹೊಸದು ಸ್ಟೋರ್ಸಿನಲ್ಲಿ, ನಡುವಿನದು ದವಾಖಾನೆಯಲ್ಲಿ, ಎಲ್ಲಕ್ಕಿಂತ ಹಳೆಯದು ಕ್ವಾರ್ಟರ್ಸ್ ಹಂಚುವ ಎಸ್ಟೇಟ್ ವಿಭಾಗದಲ್ಲಿ. ಒಂದೇ ಪ್ರೋಗ್ರಾಮು ಮೂರರಲ್ಲೂ ನಡೆಯಬೇಕು ಅನ್ನುವುದು ಕರಾರು. ಒಂದು ಯಂತ್ರಕ್ಕೆ ನಾಲ್ಕು ಕಡೆ ಟರ್ಮಿನಲ್ಲುಗಳು, ಅಂದರೆ ಪರದೆ ಮತ್ತು ಕೀಲಿಮಣೆಗಳು, ಇದ್ದು ಒಂದೇ ಫೈಲನ್ನು ಇಬ್ಬರು ಒಟ್ಟಿಗೆ ತೆರೆದು ತಿದ್ದಿದರೆ, ಕೊನೆಗೆ ಬರೆದವನದು ಉಳಿದು ಮೊದಲು ಬರೆದವನದು ಅಳಿದುಹೋಗುತ್ತದೆ. ಅದಕ್ಕೇ ತಿದ್ದುವವನು ಮೊದಲು ಫೈಲಿಗೆ ಬೀಗ ಹಾಕಬೇಕು. ಇನ್ನೊಬ್ಬ ಬಂದರೆ, ಈಗ ಇದು ಯಾರ ಕೈಯಲ್ಲಿದೆ ಅಂತ ಯಂತ್ರವನ್ನು ಕೇಳಿ, ಬಿಡುವಿಲ್ಲದಿದ್ದರೆ ಸುಮ್ಮನೆ ತಿರುಗಿ ಹೋಗಬೇಕು. ನಲಿನಿ ಬರೆಯಬೇಕಾದದ್ದು ಆ ಕೇಳುವ ತುಂಡನ್ನು.

ಬೀಗ ಹಾಕುವುದು ಮೂರೂ ಯಂತ್ರಗಳಿಗೆ ಬರುತ್ತಿತ್ತು. ಕೇಳಿದರೆ ಉತ್ತರ ಹೇಳುವುದರಲ್ಲಿ ಮಾತ್ರ ಒಂದೊಂದರದು ಒಂದೊಂದು ಗುಣ. ಹೊಸ ಯಂತ್ರ ಬಾಯಿ ಬಿಚ್ಚಿ, ಇಂಥವನೇ ಹಿಡಿದಿದ್ದಾನೆ ಅಂತ ನಂಬರಿನ ಸಮೇತ ಹೇಳುತ್ತಿತ್ತು. ನಡುವಿನದು, ಯಾರೋ ಹಿಡಿದಿದ್ದಾರೆ ಅನ್ನುವಷ್ಟು ಹೇಳಿ ಸುಮ್ಮನಾಗುತ್ತಿತ್ತು. ಎಸ್ಟೇಟ್ ವಿಭಾಗದ ಹಳೆಯ ಝೆನಿಕ್ಸ್ ಪೆಟ್ಟಿಗೆಗೆ ಆ ಪ್ರಶ್ನೆಯೇ ತಿಳಿಯದು. ಅದನ್ನು ಕೇಳಲು ಬರುವುದಿಲ್ಲ. ಬೀಗ ಹಾಕಿ ನೋಡಬೇಕು ಅಷ್ಟೆ. ಬೀಗ ಬೀಳದಿದ್ದರೆ ಯಾರೋ ಹಿಡಿದಿದ್ದಾರೆ ಅಂತ ಅರ್ಥ. ಬಿತ್ತೋ, ಯಾರೂ ಹಿಡಿದಿಲ್ಲ; ಹಾಕಿದ ಬೀಗವನ್ನು ತಕ್ಷಣ ತೆಗೆದು ಬಂದುಬಿಡಬೇಕು. ನಲಿನಿ ಹಾಗೇ ಬರೆದಳು. ಎರಡು ಟರ್ಮಿನಲ್ಲುಗಳ ಮುಂದೆ ಕೂತು, ಒಂದರಲ್ಲಿ ಬೀಗ ಹಾಕಿ ಇನ್ನೊಂದರಲ್ಲಿ ಕೇಳಿ, ಬೀಗ ತೆಗೆದು ಮತ್ತೆ ಕೇಳಿ, ಎರಡೂ ಸಲ ಸರಿಯಾದ ಉತ್ತರ ಬಂತೆಂದು ನೋಟ್‌ಬುಕ್ಕಿನಲ್ಲಿ ಗುರುತು ಮಾಡಿಕೊಂಡಳು.

ಎಸ್ಟೇಟ್ ವಿಭಾಗದಲ್ಲಿ ಅವಳಿಗೆ ಗಂಟುಬಿದ್ದವರು ಬಸವಲಿಂಗಪ್ಪ. ಬೀದರ ಕಡೆಯವರು, ಮೂವತ್ತಾರು ವರ್ಷದ ಸರ್ವೀಸು, ಕಾಚಿಗೂಡದಲ್ಲಿ ಮನೆ. ಹತ್ತು ಹನ್ನೆರಡು ವರ್ಷ ಕ್ವಾರ್ಟರ್ಸಿಗಾಗಿ ಕಾಯುವ ಜನರ ಸೀನಿಯಾರಿಟಿ ಪಟ್ಟಿ ಅವರ ಕೈಯಲ್ಲೇ ಬೆಳೆದದ್ದು. ಮೊದಲ ದಿನ ನಲಿನಿ ಬಾಗಿಲಲ್ಲಿ ನಿಂತು, ಒಳಗೆ ಬರಲೋ ಬೇಡವೋ ಅಂತ ಅರ್ಧ ಹೆಜ್ಜೆ ಇಡುತ್ತಿದ್ದಾಗ ಅವರೇ ಕನ್ನಡಕ ಏರಿಸಿ ನೋಡಿದ್ದರು. ಗೇಟಿನ ಪಾಸಿನ ಮೇಲೆ ಹೆಸರು ಓದಿ, "ನಲಿನಿ ಕುಲಕರ್ಣಿ. ನಮ್ಮವರೇ ಬಂದಾರಲ್ಲಪಾ! ಬರ್ರಿ ಬಾಯಾರ, ಬರ್ರಿ. ಈ ತೆಲುಗು ಹಿಂದಿ ಮಾತಾಡಿ ಮಾತಾಡಿ ನಾಲಿಗಿ ದಡ್ಡುಗಟ್ಟೇತಿ" ಅಂದಿದ್ದರು.

"ನಂದೂ ಹಂಗೇ ಆಗ್ಯದ್ರಿ" ಅಂದಳು ನಲಿನಿ. ಅವಳ ಮಟ್ಟಿಗೆ ಅದು ದೊಡ್ಡ ಭಾಷಣ.

ಕಂಪ್ಯೂಟರು ಬರುವ ಮುಂಚಿನ ಪದ್ಧತಿಯನ್ನು ಅವರೇ ತೋರಿಸಿಕೊಟ್ಟರು. ಕಪಾಟಿನಲ್ಲಿ ಪಟ್ಟಿಯ ರಿಜಿಸ್ಟರ್ ಇಡುವ ಜಾಗದ ಮೇಲೆ ಒಂದು ಮೊಳೆ. ರಿಜಿಸ್ಟರ್ ಒಯ್ದವರು ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಆ ಮೊಳೆಗೆ ತೂಗುಹಾಕಬೇಕು. ಹುಡುಕಿಕೊಂಡು ಬಂದವರು ಬಿಲ್ಲೆ ನೋಡಿ, ಆ ನಂಬರಿನವರ ಮೇಜಿಗೆ ಹೋಗಬೇಕು.

"ನಿಮ್ಮ ಯಂತ್ರದಾಗ ಬಿಲ್ಲಿ ಎಲ್ಲಿ ಐತ್ರಿ?" ಅಂದರು ಬಸವಲಿಂಗಪ್ಪ. "ತಿದ್ದಾಕ ಹೋದ್ರ ಇಲ್ಲ ಅಂತೈತಿ, ಹೌದು. ಆದ್ರ ನಾ ಹಿಡಕೊಂಡು ಕುಂತಾಗ ಪಟ್ಟಿ ನನ್ನ ಕೈಯಾಗೇ ಐತಿ ಅಂತ ನನಗ ಕಾಣಬೇಕಲ್ಲ? ಕೆಳಗ ಒಂದು ಸಾಲು ಹಾಕಿಕೊಡ್ರಿ. ಮುದುಕಗ ಅಷ್ಟು ಉಪಕಾರ ಮಾಡ್ರಿ."

ಯಾರಾದರೂ ಅವಳ ಹತ್ತಿರ ಏನಾದರೂ ಕೇಳಿದ್ದು ಅಪರೂಪ. ನಲಿನಿ ಎರಡು ದಿನ ಕೂತು ಪರದೆಯ ಕೆಳಗೆ ಒಂದು ಸಾಲು ಹಾಕಿಕೊಟ್ಟಳು. ಬಿಡುವಿದ್ದರೆ 'ಲಿಸ್ಟ್ ಫ್ರೀ', ಬೇರೆಯವರು ಹಿಡಿದಿದ್ದರೆ 'ಲಿಸ್ಟ್ ಇನ್ ಯೂಸ್', ತಾನೇ ಹಿಡಿದಿದ್ದರೆ 'ಲಿಸ್ಟ್ ವಿತ್ ಯೂ'. ಹಳೆಯ ಪೆಟ್ಟಿಗೆಗೆ ಆಯಾಸವಾಗಬಾರದೆಂದು ಅರ್ಧ ನಿಮಿಷಕ್ಕೊಮ್ಮೆ ಮಾತ್ರ ಕೇಳುವ ಹಾಗೆ ಮಾಡಿದಳು. ಬಸವಲಿಂಗಪ್ಪ ಆ ಸಾಲನ್ನು ಬೆರಳಿನಿಂದ ಸವರಿ, "ಇದೀಗ ನೋಡ್ರಿ ಮನಸ್ಸಿಗಿ ಸಮಾಧಾನ ಆತು" ಅಂದು ಚಹಾ ತರಿಸಿದರು. ಏಳು ತಿಂಗಳು ಎಲ್ಲವೂ ನೆಟ್ಟಗೆ ನಡೆಯಿತು. ಪಟ್ಟಿಯನ್ನು ಒಂದೇ ಹೊತ್ತಿಗೆ ಇಬ್ಬರು ತೆರೆಯುವ ಪ್ರಸಂಗವೇ ಬರಲಿಲ್ಲ.

ಮಾರ್ಚಿನಲ್ಲಿ ಕಾಲೊನಿಯ ಹತ್ತು ಮನೆಗಳು ಖಾಲಿಯಾದವು.

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಪಾತ್ರೆ ತಿಕ್ಕುವ ಜಯಮ್ಮ, ಗಂಡ ತೀರಿಕೊಂಡ ಮೇಲೆ ಅವನ ಬದಲಿಗೆ ಕೆಲಸಕ್ಕೆ ಸೇರಿದವಳು. ಗಂಡನ ಸರ್ವೀಸನ್ನೂ ಅವಳ ಸೀನಿಯಾರಿಟಿಗೆ ಸೇರಿಸಬೇಕೆಂದು ಹನ್ನೊಂದು ವರ್ಷ ಅರ್ಜಿ ಹಾಕಿ ಹಾಕಿ, ಕೊನೆಗೆ ಆರ್ಡರು ಬಂದದ್ದು ಆ ಮಾರ್ಚಿನ ಒಂದು ಮಂಗಳವಾರ. ಪರ್ಸೊನೆಲ್ ವಿಭಾಗದ ಟರ್ಮಿನಲ್ಲಿನಲ್ಲಿ ಮಧ್ಯಾಹ್ನ ಒಂದು ಐವತ್ತಕ್ಕೆ ಅವಳ ಹೆಸರನ್ನು ಹತ್ತೊಂಬತ್ತರಿಂದ ಒಂಬತ್ತಕ್ಕೆ ಏರಿಸಿದರು. ಅದಕ್ಕೆ ಐದು ನಿಮಿಷ ಮೊದಲೇ ಎಸ್ಟೇಟ್ ವಿಭಾಗದಲ್ಲಿ ಬಸವಲಿಂಗಪ್ಪ ಪಟ್ಟಿ ತೆರೆದುಕೊಂಡು, ಕೆಳಭಾಗದಲ್ಲಿದ್ದ, ವರ್ಗವಾಗಿ ಹೋದವರ ಹೆಸರುಗಳನ್ನು ಒಂದೊಂದಾಗಿ ಹೊಡೆಯುತ್ತ ಕೂತಿದ್ದರು. ಎರಡು ಗಂಟೆ ಹತ್ತು ನಿಮಿಷಕ್ಕೆ ಅವರು ತಮ್ಮದನ್ನು ಸೇವ್ ಮಾಡಿದರು. ಮರುದಿನ ಹಂಚಿಕೆಯ ಪಟ್ಟಿ ಗೋಡೆಗೆ ಅಂಟಿಸಿದಾಗ ಜಯಮ್ಮ ಹತ್ತೊಂಬತ್ತರಲ್ಲೇ ಇದ್ದಳು. ಹತ್ತನೆಯ ಮನೆ ಫಿಟ್ಟರ್ ಮಲ್ಲಿಕಾರ್ಜುನನಿಗೆ ಹೋಗಿತ್ತು. ಮಲ್ಲಿಕಾರ್ಜುನ ಬಸವಲಿಂಗಪ್ಪನವರ ಸ್ವಂತ ಅಕ್ಕನ ಮಗ.

ಯಂತ್ರದ ದಾಖಲೆ ತೆಗೆದು ನೋಡಿದರು. ಜಯಮ್ಮನ ಹೆಸರು ಏರಿದ್ದು ಒಂದು ಐವತ್ತಕ್ಕೆ. ಅದಾದ ಮೇಲೆ ಪಟ್ಟಿಗೆ ಬರೆದವರು ಒಬ್ಬರೇ.

ಶಿಫ್ಟು ಬಿಡುವ ಹೊತ್ತಿಗೆ ಗೇಟಿನ ಮುಂದೆ ಜಯಮ್ಮ ಬಸವಲಿಂಗಪ್ಪನವರ ಸೈಕಲ್ಲಿನ ಹ್ಯಾಂಡಲ್ಲು ಹಿಡಿದು ನಿಲ್ಲಿಸಿದಳಂತೆ. ಅವಳೂ ರಾಯಚೂರಿನ ಕಡೆಯವಳು, ಬೈಯುವಾಗ ಕನ್ನಡವೇ ಬೇಕು. "ಯಪ್ಪಾ, ಹನ್ನೊಂದು ವರ್ಷ ನಿನ್ನ ಮೇಜಿನ ಮುಂದ ನಿಂತು ನಿಂತು ನನ್ನ ಕಾಲು ಬಿದ್ದುಹೋದ್ವು. ಅಳಿಯಗ ಮನಿ ಬೇಕಾಗಿದ್ರ ಹೇಳಬೇಕಿಲ್ಲೇನು? ನನ್ನ ಗಂಡ ಸತ್ತದ್ದನ್ನೂ ಅವನ ಹೆಸರಿಗೇ ಬರಕೊಡತಿದ್ದೆ!" ಅಂದಳಂತೆ. ಸುತ್ತ ನಿಂತವರಲ್ಲಿ ನಾಲ್ಕು ಜನ ನಕ್ಕರಂತೆ. ಬಸವಲಿಂಗಪ್ಪ ಹ್ಯಾಂಡಲ್ಲು ಬಿಡಿಸಿಕೊಳ್ಳದೆ ನಿಂತೇ ಇದ್ದರಂತೆ. ಮಾರನೆಯ ದಿನ ಅವರನ್ನು ಸಸ್ಪೆಂಡ್ ಮಾಡಿದರು. ನಿವೃತ್ತಿಗೆ ಇನ್ನು ಮೂರು ತಿಂಗಳಿತ್ತು.

ಪ್ರೋಗ್ರಾಮಿನಲ್ಲಿ ದೋಷವಿದೆಯೋ ಅಂತ ಕಾರ್ಖಾನೆಯವರು ಕೇಳಿದರು. ರಾಮಕೃಷ್ಣ ಸಾರ್ ನಲಿನಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದರು. ಮನುಷ್ಯ ಕೆಟ್ಟವರಲ್ಲ, ಆದರೆ ನಿಂತಲ್ಲಿ ನಿಲ್ಲುವವರಲ್ಲ. ಎಸ್ಟೇಟ್ ಆಫೀಸರರ ಎದುರಿಗೆ ನಲಿನಿ ಒಂದು ಟರ್ಮಿನಲ್ಲಿನಲ್ಲಿ ಪಟ್ಟಿಗೆ ಬೀಗ ಹಾಕಿದಳು. ಸಾರ್ ಪಕ್ಕದ ಟರ್ಮಿನಲ್ಲಿನಲ್ಲಿ ತಕ್ಷಣ ತೆರೆಯಲು ನೋಡಿದರು. ತೆರೆಯಲಿಲ್ಲ. 'ಲಿಸ್ಟ್ ಇನ್ ಯೂಸ್'. ಬೀಗ ತೆಗೆದು ಹೊಸದಾಗಿ ಹಾಕಿ ಮತ್ತೊಮ್ಮೆ. ಮೂರನೆಯ ಸಲ. ಒಂದೊಂದು ಸಲಕ್ಕೂ ಎಣಿಸಿದರೆ ಎಂಟು ಹತ್ತು ಸೆಕೆಂಡು. "ಚೂಡಂಡಿ ಸಾರ್, ಪರ್ಫೆಕ್ಟ್" ಅಂದರು ರಾಮಕೃಷ್ಣ. ದೋಷ ಕಂಡುಬಂದಿಲ್ಲ ಅನ್ನುವ ಕಾಗದಕ್ಕೆ, ಬರೆದವಳು ಅವಳಾದ್ದರಿಂದ, ನಲಿನಿಯೇ ಸಹಿ ಹಾಕಿದಳು. ಆಗ ಅವಳ ಮನಸ್ಸಿನಲ್ಲಿ ಕಪಟವಿರಲಿಲ್ಲ. ದುಃಖವಿತ್ತು ಅಷ್ಟೆ. ಬಸವಲಿಂಗಪ್ಪನಂಥವರೂ ಅಕ್ಕನ ಮಗನ ವಿಷಯ ಬಂದರೆ ಹೀಗೇನೋ ಅಂತ ಮನೆಗೆ ಮರಳುವ ಬಸ್ಸಿನಲ್ಲಿ ನಾರಾಯಣಗೂಡದ ತನಕ ಅಂದುಕೊಂಡು ಬಂದಳು.

ಹನ್ನೆರಡು ದಿನದ ಮೇಲೆ, ಬೇರೊಬ್ಬರ ಕೆಲಸಕ್ಕೆಂದು ಅದೇ ತುಂಡನ್ನು ತೆಗೆದು ಮತ್ತೆ ಓದುತ್ತಿದ್ದಳು. ಹೊಸ ಯಂತ್ರದ ಭಾಗ ದಾಟಿದಳು, ನಡುವಿನದು ದಾಟಿದಳು. ಹಳೆಯದರ ಐದು ಸಾಲಿಗೆ ಬಂದು ಕಣ್ಣು ನಿಂತಿತು. ಬೀಗ ಹಾಕಿ ನೋಡು. ಬಿದ್ದರೆ ತೆಗೆದು ಬಾ.

ಬೀಗ ಈಗಾಗಲೇ ತನ್ನದೇ ಇದ್ದರೆ?

ತನ್ನದೇ ಬೀಗದ ಮೇಲೆ ತಾನು ಮತ್ತೆ ಬೀಗ ಹಾಕಿದರೆ ಆ ಯಂತ್ರ ಬೇಡ ಅನ್ನುವುದಿಲ್ಲ. ಹಾಕಿಕೋ ಅನ್ನುತ್ತದೆ. ಆಮೇಲೆ ತೆಗೆದು ಬರುವಾಗ ತೆಗೆಯುವುದು, ನೋಡಲು ಹಾಕಿದ ಬೀಗವನ್ನಷ್ಟೇ ಅಲ್ಲ, ಮೊದಲಿನದನ್ನೂ. ಮೊಳೆಯ ಮೇಲೆ ಬಿಲ್ಲೆ ಇದೆಯೋ ಇಲ್ಲವೋ ನೋಡಲು ಹೋದವನು ತನ್ನದೇ ಬಿಲ್ಲೆಯನ್ನು ಕಿತ್ತುಕೊಂಡು ಬಂದ ಹಾಗೆ. ಮತ್ತು ಹಾಗೆ ಹೋಗಿ ನೋಡುತ್ತಿದ್ದುದು ಬೇರೆ ಯಾವುದೂ ಅಲ್ಲ, ಅರ್ಧ ನಿಮಿಷಕ್ಕೊಮ್ಮೆ, ಬಸವಲಿಂಗಪ್ಪ ಕೇಳಿ ಹಾಕಿಸಿಕೊಂಡ ಆ ಕೆಳಗಿನ ಸಾಲು. ಪಟ್ಟಿ ತೆರೆದ ಅರ್ಧ ನಿಮಿಷಕ್ಕೆ ಬೀಗ ಹೋಗಿರುತ್ತದೆ. ಪರದೆಯ ಮೇಲೆ ಮಾತ್ರ 'ಲಿಸ್ಟ್ ವಿತ್ ಯೂ' ಅಂತ ಉಳಿದಿರುತ್ತದೆ, ಏಕೆಂದರೆ ಅದನ್ನು ಅವಳು ಯಂತ್ರದ ಉತ್ತರ ನೋಡಿ ಬರೆಸಿರಲಿಲ್ಲ. ಮೊದಲು ತೆರೆದದ್ದನ್ನು ನೆನಪಿಟ್ಟುಕೊಂಡು ಬರೆಸಿದ್ದಳು. ಅದನ್ನು ನಂಬಿ ಮುದುಕರು ಇಪ್ಪತ್ತೈದು ನಿಮಿಷ ನಿರಾಳವಾಗಿ ಕೂತಿದ್ದರು. ಪ್ರೋಗ್ರಾಮು ಬರೆಯುವವರಿಗೆ ಹತ್ತು ಸೆಕೆಂಡೇ ಬಹಳ. ಪಟ್ಟಿ ತಿದ್ದುವವರ ನಿಧಾನ ಅವರಿಗೆ ಹೊಳೆಯಲಿಲ್ಲ.

ನಲಿನಿ ಎದ್ದು ಹೋಗಿ ನೀರು ಕುಡಿದು ಬಂದಳು. ಮತ್ತೆ ಓದಿದಳು. ಐದೇ ಸಾಲು. ಬೇರೆ ಅರ್ಥ ಬರಲಿಲ್ಲ.

ರಾಮಕೃಷ್ಣ ಸಾರ್ ಕೇಳಿಸಿಕೊಂಡರು. ಅವರ ಬುದ್ಧಿ ಚುರುಕು, ಎರಡು ಮಾತಿಗೇ ಗೊತ್ತಾಯಿತು. ಬಾಗಿಲು ಮುಂದೆ ಮಾಡಿ, ತೆಲುಗಿನಲ್ಲಿ ಮೆಲ್ಲಗೆ ಹೇಳಿದರು: "ನೋಡಮ್ಮಾ. ನಿನ್ನ ಸಹಿ ಇರುವ ಕಾಗದ ಅಲ್ಲಿ ಹೋಗಿ ಕೂತಿದೆ. ಈಗ ನಾವೇ ಹೋಗಿ ತಪ್ಪು ನಮ್ಮದು ಅಂದರೆ, ಸ್ಟೋರ್ಸು, ದವಾಖಾನೆ, ಎಲ್ಲ ಕೆಲಸವೂ ಹೋಗುತ್ತದೆ. ಇಲ್ಲಿ ಆರು ಸಂಸಾರ. ನೀನು ತಿದ್ದಿದ್ದನ್ನು ಫ್ಲಾಪಿಯಲ್ಲಿ ಹಾಕಿಕೊಂಡು ಹೋಗಿ, ಹೊಸ ಆವೃತ್ತಿ ಅಂತ ಅಲ್ಲಿ ಕೂರಿಸಿ ಬಾ. ಮುದುಕರಿಗೆ ಏನೂ ಆಗುವುದಿಲ್ಲ. ವಿಚಾರಣೆ ಮಾಡುತ್ತಾರೆ, ಒಂದು ಎಚ್ಚರಿಕೆ ಕೊಟ್ಟು ಬಿಡುತ್ತಾರೆ."

ನಲಿನಿ ತಲೆಯಾಡಿಸಿದಳು. ಅವಳಿಗೆ ರೂಢಿಯಿದ್ದದ್ದು ಅದೊಂದೇ. ಹೋಗಿ ಕೂರಿಸಿ ಬಂದಳು. ಹಳೆಯ ಪ್ರೋಗ್ರಾಮಿನ ಫ್ಲಾಪಿಯನ್ನು ಮಾತ್ರ, ಯಾಕೆಂದು ಅವಳಿಗೇ ತಿಳಿಯದು, ಅಳಿಸದೆ ಚೀಲದಲ್ಲಿ ಇಟ್ಟುಕೊಂಡಳು.

ಆಮೇಲೆ ಒಂಬತ್ತು ದಿನ. ಊಟಕ್ಕೆ ಕೂತರೆ ಅವ್ವ ಅಂಬುಬಾಯಿ, "ಯಾಕ ನಲೂ, ಅನ್ನ ಕಲಸಿ ಕಲಸಿ ಗಂಜಿ ಮಾಡ್ಲಿಕತ್ತೀಯಲ್ಲ. ಮೈಯಾಗ ಆರಾಮ ಇಲ್ಲೇನ?" ಅನ್ನುತ್ತಿದ್ದಳು. ಏನಿಲ್ಲ ಅನ್ನುತ್ತಿದ್ದಳು ನಲಿನಿ. ಎರಡು ಸಲ ಕಾಚಿಗೂಡದಲ್ಲಿ ಬಸ್ಸಿಳಿದಳು. ಒಮ್ಮೆ ಸ್ಟೇಶನ್ನಿನ ಎದುರಿನ ಲಾಡ್ಜಿನ ಸಾಲಿನ ತನಕ, ಇನ್ನೊಮ್ಮೆ ಬಸವಲಿಂಗಪ್ಪನವರ ಗಲ್ಲಿಯ ಬಾಯಿಯ ತನಕ. ಏನೆಂದು ಮಾತು ಶುರು ಮಾಡಬೇಕು ಅನ್ನುವುದೊಂದು ಗೊತ್ತಾಗಿದ್ದರೆ ಮುಂದಿನದನ್ನು ಹೇಳಬಹುದಿತ್ತು. ಮೊದಲ ಮಾತೇ ಸಿಗದೆ ಎರಡು ಸಲವೂ ಎದುರು ಬಸ್ಸು ಹಿಡಿದು ಮರಳಿದಳು. ಮೂರನೆಯ ಸಲ ಬಾಗಿಲು ಬಡಿದಳು. ಬಡಿದ ಮೇಲೆ ಓಡಿಹೋಗುವ ಹಾಗಿರಲಿಲ್ಲ.

ಬಾಗಿಲು ತೆರೆದವರು ಅವರ ಹೆಂಡತಿ ಕಮಲಾಕ್ಷಿ. ಒಳಗೆ ಬಸವಲಿಂಗಪ್ಪ ಚಾಪೆಯ ಮೇಲೆ ಕೂತು ಕಡಲೆಬೀಜ ಸುಲಿಯುತ್ತಿದ್ದರು. ಸುಲಿದ ಬೀಜ ಒಂದು ತಟ್ಟೆಗೆ, ಸಿಪ್ಪೆ ಒಂದು ತಟ್ಟೆಗೆ. ಹೆಂಡತಿ ನಡುನಡುವೆ ಬಗ್ಗಿ ಎರಡೂ ತಟ್ಟೆ ನೋಡುತ್ತಿದ್ದರು.

"ಓಹೋ ನಲಿನಿಬಾಯಾರು!" ಅಂದರು. ದನಿಯಲ್ಲಿ ಮೊದಲಿನ ಏರು ಇರಲಿಲ್ಲ. "ಕುಂದರ್ರಿ. ಲೇ, ಚಾ ಮಾಡು. ನಾನೇ ಮಾಡತಿದ್ದೆ, ಈಕಿ ಬಿಡಾಂಗಿಲ್ಲ. ಗ್ಯಾಸಿನ ಹತ್ರ ನನ್ನ ಬಿಡಾಂಗಿಲ್ಲ."

"ಮತ್ತ ಹೆಂಗ ಬಿಡೂದು?" ಅಂದರು ಕಮಲಾಕ್ಷಿ, ನಲಿನಿಯ ಕಡೆಗೆ ತಿರುಗಿ. "ಮಾಡಿದ್ದು ನೆನಪ ಇರೂದಿಲ್ಲ ಅಂತ ಅವರೇ ಹೇಳತಾರ. ಮೊನ್ನಿ ಕಣ್ಣಿನ ಡಾಕ್ಟರ ಕಡೆ ಕರಕೊಂಡು ಹೋಗಿದ್ದೆ. ಕಣ್ಣು ಚಲೋ ಅದಾವು ಅಂದ್ರು. ಹಂಗಾದ್ರ ತಲಿದೇ ಅಂತ ಆತಲ್ಲವಾ."

ಬಸವಲಿಂಗಪ್ಪ ಒಂದು ಕಾಯಿ ಒಡೆದರು. "ಮೊದಲ ನಾ ಭಾಳ ಹಾರಾಡಿದೆ ನೋಡ್ರಿ. ನಾ ಮಾಡಿಲ್ಲ, ಆ ಹೆಣ್ಣಮಗಳ ಸಾಲು ನಾ ಮುಟ್ಟಿಲ್ಲ ಅಂತ. ಆಮ್ಯಾಲ ಆಫೀಸರು ನಿಮ್ಮ ಕಾಗದ ತೋರಿಸಿದ್ರು. ಕೆಳಗ ನಿಮ್ಮ ಸಹಿ ಇತ್ತು. ನಲಿನಿಬಾಯಾರು ನೋಡಿ ಬರದಾರಂದ್ರ ಯಂತ್ರದ್ದು ತಪ್ಪಿಲ್ಲ. ಹಂಗಾದ್ರ ತಪ್ಪು ಯಾರದು? ಕುಂತು ವಿಚಾರ ಮಾಡಿದೆ. ನನ್ನ ಕೈಯೇ ಹೊಡದಿರಬೇಕು. ಅಳಿಯ ಮಲ್ಲಪ್ಪಗ ಮನಿ ಸಿಗಲಿ ಅಂತ ಮನಸ್ಸಿನ ಒಳಗ ಎಲ್ಲೋ ಇದ್ದಿರಬೇಕು, ಕೈ ತಾನಾಗಿ ಹೋಗಿರಬೇಕು. ನನಗ ನೆನಪ ಉಳಿದಿಲ್ಲ. ನಾಕು ದಿನದ ಹಿಂದ ಹೋಗಿ ಒಪ್ಪಿಗಿ ಬರದು ಕೊಟ್ಟು ಬಂದೆ."

"ಕಾಕಾ" ಅಂದಳು ನಲಿನಿ.

ಮುಂದಿನದು ಹೇಗೆ ಹೊರಬಿತ್ತೋ. ಬಿಲ್ಲೆ, ಮೊಳೆ, ಅರ್ಧ ನಿಮಿಷ ಅಂತ ತೊದಲುತ್ತ, ನಡುವೆ ನಿಲ್ಲುತ್ತ, ಎಲ್ಲ ಹೇಳಿ ಮುಗಿಸಿದಳು. ಹೇಳುವಷ್ಟು ಹೊತ್ತೂ ಅವಳ ಕಣ್ಣು ಸಿಪ್ಪೆಯ ತಟ್ಟೆಯ ಮೇಲಿತ್ತು.

"ಹಂಗಾದ್ರ ನಾ ಮಾಡಿಲ್ಲ?" ಅಂದರು ಬಸವಲಿಂಗಪ್ಪ.

"ಇಲ್ರಿ. ನೀವು ಮಾಡಿಲ್ಲ."

"ಆಕಿ ಸಾಲಿಗಿ ನನ್ನ ಕೈ ಹೋಗಿಲ್ಲ?"

"ಹೋಗಿಲ್ರಿ ಕಾಕಾ. ನಿಮಗ ಆಕೀ ಹೊಸಾ ಸಾಲು ಕಂಡೇ ಇಲ್ಲ. ನೀವು ತೆರದಾಗ ಹಳೇದೇ ಇತ್ತು, ಅದನ್ನ ಹಂಗೇ ತಿರುಗಿ ಬರದೀರಿ."

ಕಮಲಾಕ್ಷಿ ಚಹಾದ ಕಪ್ಪು ಹಿಡಿದು ಅಡಿಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಿದ್ದರು.

"ನಿಮಗ ಎಂದ ಗೊತ್ತಾತ್ರಿ ಇದು?" ಅಂದರು ಬಸವಲಿಂಗಪ್ಪ.

ನಲಿನಿ ಸುಳ್ಳು ಹೇಳಬಹುದಿತ್ತು. "ಒಂಬತ್ತು ದಿನ ಆತ್ರಿ."

ಬಸವಲಿಂಗಪ್ಪ ಬೆರಳು ಮಡಚಿ ಎಣಿಸಿದರು. ನಾಲ್ಕರ ಹತ್ತಿರ ನಿಂತು, ಮತ್ತೆ ಮೊದಲಿನಿಂದ ಎಣಿಸಿದರು. ಅವರು ಬೈಯಲಿಲ್ಲ. "ಐದು ದಿನ ಮೊದಲ ಬಂದಿದ್ರ ಒಪ್ಪಿಗಿ ಬರೀತಿದ್ದಿಲ್ಲ ನೋಡ್ರಿ" ಅಂದರು ಅಷ್ಟೆ, ಬಸ್ಸು ತಪ್ಪಿತಲ್ಲ ಅನ್ನುವವರ ಹಾಗೆ. ಮೈ ಮೇಲೆ ಬಿದ್ದ ಸಿಪ್ಪೆ ಕೊಡವಿ, "ಚಾ ಕುಡೀರಿ, ಆರತೈತಿ" ಅಂದರು.

ನಲಿನಿ ಕಪ್ಪು ಹಾಗೇ ಇಟ್ಟು ಎದ್ದಳು.

ಮರುದಿನ ಅವಳು ಎಸ್ಟೇಟ್ ಆಫೀಸರರಿಗೆ ಕಾಗದ ಬರೆದು ತಾನೇ ಹೋಗಿ ಕೊಟ್ಟು ಬಂದಳು. ರಾಮಕೃಷ್ಣ ಸಾರ್‌ಗೂ ಅದರ ಒಂದು ಪ್ರತಿ ಕೊಟ್ಟಳು. ಅವರು ಕೂಗಾಡಲಿಲ್ಲ. ಓದಿ, ಮಡಚಿ, ಕಿಟಕಿಯ ಕಡೆ ನೋಡುತ್ತ ಕೂತರು. ಮೇಲೆ ವಿಮಾನವೊಂದು ಹೋಯಿತು. ಸದ್ದು ಇಳಿದ ಮೇಲೆ, "ನಾಳೆಯಿಂದ ಬರಬೇಡಮ್ಮಾ" ಅಂದರು. "ನಿನ್ನ ಮೇಲೆ ಸಿಟ್ಟಿಲ್ಲ. ಆದರೆ ನಿನ್ನನ್ನು ನೋಡುತ್ತ ಇಲ್ಲಿ ಕೂಡಲು ನನ್ನಿಂದ ಆಗುವುದಿಲ್ಲ."

ವಿಚಾರಣೆಯ ದಿನ ಕೋಣೆಯಲ್ಲಿ ಐದು ಜನ ಅಧಿಕಾರಿಗಳು. ಗೋಡೆಗೆ ಹತ್ತಿ ಒಂದು ಕುರ್ಚಿಯಲ್ಲಿ ಬಸವಲಿಂಗಪ್ಪ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಎರಡು ಟರ್ಮಿನಲ್ಲು ಇಟ್ಟಿದ್ದರು. ನಲಿನಿ ಚೀಲದಿಂದ ಹಳೆಯ ಫ್ಲಾಪಿ ತೆಗೆದು ಕೂರಿಸಿದಳು. ಏನು ಮಾಡುತ್ತಿದ್ದೀ ಹೇಳು ಅಂದರು. ಹೇಳಿದಳು.

"ಜೋರ್ ಸೇ ಬೋಲೋ ಬೇಟಿ," ಅಂದರು ತುದಿಯಲ್ಲಿದ್ದವರು. "ಇಲ್ಲಿ ಫ್ಯಾನಿನ ಸದ್ದೇ ಜಾಸ್ತಿ ಕೇಳಿಸುತ್ತಿದೆ."

ಯಾರೋ ನಕ್ಕರು. ನಲಿನಿ ಪಟ್ಟಿಗೆ ಬೀಗ ಹಾಕಿದಳು. ಕೆಳಗೆ 'ಲಿಸ್ಟ್ ವಿತ್ ಯೂ' ಅಂತ ಬಂತು. ಎಸ್ಟೇಟ್ ಆಫೀಸರು ಪಕ್ಕದ ಟರ್ಮಿನಲ್ಲಿಗೆ ಕೈ ಹಾಕಿದರು.

"ಬೇಡ್ರಿ" ಅಂದಳು ನಲಿನಿ, ಕನ್ನಡದಲ್ಲೇ. ಆಮೇಲೆ ಹಿಂದಿಯಲ್ಲಿ, "ಈಗಲ್ಲ ಸಾರ್. ಕಾಯಬೇಕು."

"ಎಷ್ಟು?"

"ಅರ್ಧ ನಿಮಿಷ."

ಐದು ಜನ ದೊಡ್ಡವರನ್ನು ಅರ್ಧ ನಿಮಿಷ ಸುಮ್ಮನೆ ಕೂರಿಸುವುದು ಅಂದರೇನು ಅಂತ ನಲಿನಿಗೆ ಆಗ ಗೊತ್ತಾಯಿತು. ಒಬ್ಬರು ಗಡಿಯಾರ ನೋಡಿದರು. ಒಬ್ಬರು ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮಾಡಿದರು. ಅವಳಿಗೆ ಏನಾದರೂ ಮಾತಾಡಿ ಆ ಹೊತ್ತನ್ನು ತುಂಬಬೇಕೆನಿಸಿತು, ಕ್ಷಮಿಸಿ ಅನ್ನಬೇಕೆನಿಸಿತು. ಅನ್ನಲಿಲ್ಲ. ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಅರ್ಧ ಸುತ್ತು ದಾಟಿ ಮೇಲೆ ಐದು ಗೆರೆ ಹೋಗುವ ತನಕ ಕಾದು, "ಈಗ ತೆರೆಯಿರಿ" ಅಂದಳು.

ಪಕ್ಕದ ಟರ್ಮಿನಲ್ಲಿನಲ್ಲಿ ಪಟ್ಟಿ ಸಲೀಸಾಗಿ ತೆರೆದುಕೊಂಡಿತು. ಆಫೀಸರು ಒಂದು ಹೆಸರು ತಿದ್ದಿ ಸೇವ್ ಮಾಡಿದರು. ನಲಿನಿಯ ಪರದೆಯ ಕೆಳಗೆ ಇನ್ನೂ 'ಲಿಸ್ಟ್ ವಿತ್ ಯೂ' ಅಂತಲೇ ಇತ್ತು. ಅವಳೂ ಸೇವ್ ಮಾಡಿದಳು. ಮತ್ತೆ ತೆರೆದು ನೋಡಿದರೆ ಆಫೀಸರು ತಿದ್ದಿದ್ದು ಇರಲಿಲ್ಲ.

ತುದಿಯಲ್ಲಿದ್ದವರು, "ಮತ್ತೆ ಆ ಮೊದಲಿನ ಕಾಗದಕ್ಕೆ ಸಹಿ ಮಾಡಿದ್ದು ನೀನೇ ಅಲ್ಲವೇ?" ಅಂದರು. ನಾನೇ ಅಂದಳು. ಅದನ್ನೂ ಬರೆದುಕೊಂಡರು. ಬಸವಲಿಂಗಪ್ಪನವರ ಕಡೆ ತಿರುಗಿ, "ನೀವು ಹಾಗಾದರೆ ಒಪ್ಪಿಗೆ ಯಾಕೆ ಕೊಟ್ಟಿರಿ?" ಅಂದಾಗ ಅವರು ಎದ್ದು ನಿಂತರು. ಬಹಳ ಯೋಚಿಸಿ, "ಗೊತ್ತಿಲ್ಲ ಸಾಬ್" ಅಂದು ಕೂತರು.

ಮೇ ತಿಂಗಳಿನ ಬಿಸಿಲಿನಲ್ಲಿ ಜಯಮ್ಮನಿಗೆ ಮನೆ ಸಿಕ್ಕಿತು. ಮಲ್ಲಿಕಾರ್ಜುನ ಹಾಸಿದ ಹಾಸಿಗೆ ಸುತ್ತಿಕೊಂಡು ಬಾಡಿಗೆ ಮನೆಗೆ ಮರಳಿದ. ಸೋದರಮಾವನ ಮನೆಗೆ ಬರುವುದನ್ನು ಬಿಟ್ಟ. ನಲಿನಿಗೆ ನಾರಾಯಣಗೂಡದ ಒಂದು ಟ್ಯುಟೋರಿಯಲ್ಲಿನಲ್ಲಿ ಬೇಸಿಕ್ ಎಂಬ ಕಂಪ್ಯೂಟರ್ ಭಾಷೆ ಹೇಳಿಕೊಡುವ ಕೆಲಸ ದೊರೆಯಿತು. ಹಿಂದಿನ ಬೆಂಚಿನವರು ದಿನಾಲೂ "ಮೇಡಂ, ಕೇಳಿಸ್ತಿಲ್ಲ" ಅನ್ನುತ್ತಿದ್ದರು.

ನಿವೃತ್ತಿಗೆ ಹನ್ನೊಂದು ದಿನ ಉಳಿದಾಗ ಕಮಲಾಕ್ಷಿ ಹೇಳಿಕಳಿಸಿದರು. ಆಫೀಸಿನಿಂದ ಕಾಗದ ಬರುವುದಿದೆಯಂತೆ, ನೀನೊಮ್ಮೆ ಬಂದು ಹೋಗು ಅಂತ. ನಲಿನಿ ಹೋದಾಗ ಪ್ಯೂನು ಆಗಲೇ ಬಂದು ಬಾಗಿಲಿಗೆ ಒರಗಿ ನಿಂತಿದ್ದ. ಬಸವಲಿಂಗಪ್ಪ ಕನ್ನಡಕ ಹಾಕಿಕೊಂಡು ಇಂಗ್ಲಿಷ್ ಕಾಗದವನ್ನು ಓದುತ್ತಿದ್ದರು. ಓದಿ ಮುಗಿಸಿ, ಮೊದಲಿನಿಂದ ಮತ್ತೆ ಓದಿದರು. ಆಮೇಲೆ ನಲಿನಿಯ ಕಡೆ ಚಾಚಿದರು.

"ನೀವು ಒಮ್ಮಿ ಓದ್ರಿ. ನಾ ಓದಿದ್ದು ಬರೋಬ್ಬರಿ ಐತೇನು ನೋಡ್ರಿ."

ನಲಿನಿ ಓದಿದಳು. ಆಪಾದನೆ ಸಾಬೀತಾಗಿಲ್ಲ, ಸಸ್ಪೆನ್ಷನ್ ರದ್ದು ಮಾಡಲಾಗಿದೆ, ನಾಳೆಯಿಂದ ಕೆಲಸಕ್ಕೆ ಹಾಜರಾಗಬಹುದು.

"ಎಲ್ಲಾ ಮಾಫ್ ಆಗ್ಯದ್ರಿ ಕಾಕಾ. ನಾಳಿಂದ ಕೆಲಸಕ್ಕ ಬರ್ರಿ ಅಂದಾರ."

"ನಾಳಿ ಅಂತೇ ಐತಲ್ಲ? ನಾನೂ ನಾಳಿ ಅಂತೇ ಓದಿದೆ." ಅವರು ಹೆಂಡತಿಯ ಮುಖ ನೋಡಿದರು. "ಹನ್ನೊಂದು ದಿನದ ಸಲುವಾಗಿ ಏನು ಹೋಗೂದು. ಮತ್ತ ಪಟ್ಟಿ ಮುಟ್ಟೂದು, ಮತ್ತ ಏನಾರ ಆಗೂದು. ರಜಾ ಹಾಕತೀನಿ."

"ಹಾಂ, ರಜಾನೇ ಹಾಕಿಬಿಡ್ರಿ" ಅಂದರು ಕಮಲಾಕ್ಷಿ ತಕ್ಷಣ.

ಪ್ಯೂನು ಗಂಟಲು ಸರಿಮಾಡಿಕೊಂಡು, ಕಾಗದ ತಲುಪಿದ್ದಕ್ಕೆ ಸಹಿ ಬೇಕು ಅಂತ ಪುಸ್ತಕ ಬಿಚ್ಚಿ ಹಿಡಿದ. ಬಸವಲಿಂಗಪ್ಪ ಪೆನ್ನು ತೆಗೆದುಕೊಂಡರು. ಸಾಲುಗಳ ಮೇಲೆ ಪೆನ್ನು ಅತ್ತ ಇತ್ತ ಹೋಗಿ ಎಲ್ಲಿಯೂ ಇಳಿಯಲಿಲ್ಲ.

"ಅಲ್ಲೇ ಸಾಬ್, ಕಡೇ ಸಾಲು" ಅಂದ ಪ್ಯೂನು.

"ಗೊತ್ತೈತಿ, ಗೊತ್ತೈತಿ." ಅವರು ಪುಸ್ತಕವನ್ನು ನಲಿನಿಯ ಕಡೆಗೆ ಸ್ವಲ್ಪ ಸರಿಸಿದರು. "ಎಲ್ಲಿ ಮಾಡಬೇಕು ಅಂತ ನೀವು ಒಂದೀಟು ಬೆರಳಿಡ್ರಿ ಬಾಯಾರ."

ನಲಿನಿ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. ಅದರ ಪಕ್ಕಕ್ಕೆ ಹತ್ತಿಸಿ, ಒಂದೊಂದೇ ಅಕ್ಷರವಾಗಿ, ಬಸವಲಿಂಗಪ್ಪ ತಮ್ಮ ಹೆಸರು ಬರೆದರು.